ಮರುಓದಿನ ಮರ್ಯಾದೆ

ನಮ್ಮ ಬಸವನಗುಡಿ, ಚಾಮರಾಜಪೇಟೆಗಳ ಕಡೆ ಯಾರೂ ಪುಸ್ತಕ ಓದುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಎಲ್ಲರೂ ಮತ್ತೆ ಓದುತ್ತಾರೆ. ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತ ನಿಂತ ಪರಿಚಿತರನ್ನು ಏನು ಓದುತ್ತಿದ್ದೀರಿ ಎಂದು ಕೇಳಿ ನೋಡಿ. “ಅದೇ ಹಳೇದು, ಮತ್ತೊಂದ್ಸಲ ತಿರುವಿ ಹಾಕ್ತಿದೀನಿ” ಎಂಬ ಉತ್ತರವೇ ಬರುತ್ತದೆ. ಮೊದಲ ಸಲ ಓದುತ್ತಿದ್ದೇನೆಂದು ಒಪ್ಪಿಕೊಳ್ಳುವುದು, ಅರವತ್ತು ದಾಟಿದವನು ಈಗಷ್ಟೇ ಸೈಕಲ್ ಕಲಿಯುತ್ತಿದ್ದೇನೆ ಎನ್ನುವಷ್ಟೇ ನಾಚಿಕೆಯ ಸಂಗತಿ. ಮಲ್ಲೇಶ್ವರದವರು ನಮಗಿಂತ ಒಂದು ಕೈ ಮೇಲು. ಅವರು ಎಲ್ಲವನ್ನೂ ಮೂರು ಸಲ ಓದಿರುತ್ತಾರೆ.

ಈ ಮರುಓದುಗರ ಪಂಗಡದಲ್ಲಿ ನಾನೂ ಗಣ್ಯನೇ. ಚಾಮರಾಜಪೇಟೆಯ ಪ್ರೌಢಶಾಲೆಯೊಂದರಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನಾದ್ದರಿಂದ ವೈಜ್ಞಾನಿಕ ಕಾದಂಬರಿ ನನ್ನ ಖಾಸಾ ಇಲಾಖೆ ಎಂದು ಎಲ್ಲರೂ ಒಪ್ಪಿದ್ದರು. ಅದರಲ್ಲೂ ‘ಶನಿಗ್ರಹದ ಅಂಚೆಯಣ್ಣ’ ಎಂಬ, ಈಗ ಯಾರಿಗೂ ನೆನಪಿಲ್ಲದ ಕಾದಂಬರಿಯ ಮೇಲೆ ನನ್ನದು ಏಕಸ್ವಾಮ್ಯ. ಶನಿಯ ಒಂದು ಚಂದ್ರನಿಂದ ಇನ್ನೊಂದು ಚಂದ್ರನಿಗೆ ಕಾಗದ ಹಂಚುವವನ ಕಥೆ ಅದು. ಮದುವೆಯಾದ ಹೊಸತರಲ್ಲಿ ಹೆಂಡತಿ ಗಿರಿಜೆಗೆ ಸೀರೆಗೆ ಬದಲು ಇದನ್ನೇ ಉಡುಗೊರೆಯಾಗಿ ಕೊಟ್ಟೆ. “ಶನೀನ ಯಾರಾದ್ರೂ ಕೈಯಾರೆ ಮನೆಗೆ ತರ್ತಾರಾ?” ಎಂದು ನಮ್ಮತ್ತೆ ಹೌಹಾರಿದ್ದರು. “ವರ್ಷಕ್ಕೊಂದ್ಸಲ ಅದನ್ನ ಓದದಿದ್ರೆ ನನಗೆ ವರ್ಷ ಮುಗಿದ ಹಾಗೇ ಅನ್ಸಲ್ಲ” ಎಂದು ನಾನು ಮೂವತ್ತೈದು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಈಗ ನಿಮಗೊಬ್ಬರಿಗೆ ನಿಜ ಹೇಳುತ್ತೇನೆ. ನಾನು ಅದನ್ನು ಓದಿದ್ದು ಒಂದೇ ಸಲ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅದೂ ಪೂರ್ತಿಯಲ್ಲ. ಮರುದಿನ ಪರೀಕ್ಷೆ ಇದ್ದುದರಿಂದ ಕೊನೆಯ ಐವತ್ತು ಪುಟ ಉಳಿಯಿತು. ಮುಕ್ತಾಯವನ್ನು ಗೆಳೆಯನೊಬ್ಬ ಮೆಜೆಸ್ಟಿಕ್ಕಿನಲ್ಲಿ ಹೊರಟ ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದ. ಆ ಗದ್ದಲದಲ್ಲಿ ಕಿವಿಗೆ ಬಿದ್ದಷ್ಟೇ ನನ್ನ ಪಾಂಡಿತ್ಯ.

ಬಸವನಗುಡಿಯಲ್ಲಿ ನಂಜುಂಡಯ್ಯನವರೆಂಬ ನಿವೃತ್ತ ಎಂಜಿನಿಯರರು ತಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಓದುಗರ ಕೂಟ ನಡೆಸುತ್ತಾರೆ. ಅವರಿಗೆ ವೈಜ್ಞಾನಿಕ ಕಾದಂಬರಿ ಎಂದರೆ ಪಂಚಾಂಗವಿದ್ದಂತೆ. ಬರೆದ ಭವಿಷ್ಯದಲ್ಲಿ ಎಷ್ಟು ಫಲಿಸಿದೆ ಎಂದು ಎಣಿಸಿ ಅಂಕ ಕೊಡುತ್ತಾರೆ. ಮುಖ ನೋಡಿ ಮಾತಾಡುವ ಫೋನು ಬಂದಿದ್ದಕ್ಕೆ ಹತ್ತು. ಹಾರುವ ಕಾರು ಇನ್ನೂ ಬಾರದ್ದಕ್ಕೆ ಐದು ಕಡಿತ. ಕಥೆಯಲ್ಲಿ ಯಾರಾದರೂ ಅತ್ತರೆ, ನಕ್ಕರೆ, ಸತ್ತರೆ ಅದು ಪಠ್ಯಕ್ರಮದಿಂದ ಹೊರಗೆ. ಈ ತಿಂಗಳು ಅವರು ವಾಟ್ಸಾಪಿನಲ್ಲಿ ಸಾರಿಬಿಟ್ಟರು: ‘ಮತ್ತೆ ಮತ್ತೆ ಓದಬೇಕಾದ ವೈಜ್ಞಾನಿಕ ಕಾದಂಬರಿ’, ಉಪನ್ಯಾಸ ನನ್ನದು, ವಿಷಯ ‘ಅಂಚೆಯಣ್ಣ’. ಇಪ್ಪತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ.

ಗುರುವಾರ ಮಧ್ಯಾಹ್ನ, ಗಿರಿಜೆ ತರಕಾರಿಗೆ ಹೋದ ಸಮಯ ನೋಡಿ, ಗಾಜಿನ ಬೀರುವಿನಿಂದ ಗ್ರಂಥವನ್ನು ಇಳಿಸಿದೆ. ಧೂಳಿಗೆ ನಾಲ್ಕು ಸೀನು ಬಂತು. ಆರನೆಯ ಪುಟ ತಿರುವಿದಾಗ ಅಂಚಿನಲ್ಲಿ ಪೆನ್ಸಿಲಿನ ಅಕ್ಷರ ಕಂಡಿತು: ‘ಈ ಹುಡುಗಿಗೆ ಹೆಸರೇ ಇಲ್ಲವೇ?’ ಸಣ್ಣಗೆ, ದುಂಡಗೆ, ನಾನು ಮೂವತ್ತೈದು ವರ್ಷದಿಂದ ಹಾಲಿನ ಚೀಟಿಯ ಮೇಲೆ ನೋಡುತ್ತ ಬಂದ ಅಕ್ಷರ.

ಅಲ್ಲಿಂದ ಮುಂದೆ ನಾನು ಓದಿದ್ದು ಕಾದಂಬರಿಯನ್ನಲ್ಲ, ಅಂಚುಗಳನ್ನು. ನೌಕೆಯಲ್ಲಿ ನಾಲ್ವರು ಗಂಡಸರು ಬ್ರಹ್ಮಾಂಡದ ಗತಿಯನ್ನು ಚರ್ಚಿಸುವಾಗಲೆಲ್ಲ ‘ಯುವತಿ’ ಎಂಬ ಪಾತ್ರ ಕಾಫಿ ತರುತ್ತಾಳೆ. ಪಕ್ಕದಲ್ಲಿ ಗಿರಿಜೆ ಬರೆದಿದ್ದಳು: ‘ಇದು ಏಳನೆಯ ಲೋಟ. ಇಷ್ಟು ಹಾಲನ್ನು ಶನಿಗ್ರಹಕ್ಕೆ ಯಾರು ಹಾಕುತ್ತಾರೆ?’ ಇನ್ನೊಂದೆಡೆ: ‘ಕಾಗದ ತಲುಪಲು ಹನ್ನೊಂದು ವರ್ಷವಾದರೆ ಈತ ಹೋಗಿ ಬಂದ ಮೇಲೂ ದಾರಿ ಕಾದವಳು ಇನ್ನೂ ಇಪ್ಪತ್ತರವಳೇ? ಲೆಕ್ಕ ತಪ್ಪು.’ ಲೆಕ್ಕ ನಿಜಕ್ಕೂ ತಪ್ಪಿತ್ತು. ಭೌತವಿಜ್ಞಾನದ ಮೇಷ್ಟರಿಗೆ ಹೊಳೆಯದ್ದು ಸಸ್ಯಶಾಸ್ತ್ರ ಓದಿದ ಇಪ್ಪತ್ಮೂರರ ಹುಡುಗಿಗೆ ಹೊಳೆದಿತ್ತು. ನಾನು ಒಬ್ಬನೇ ಕುಳಿತು ಗಟ್ಟಿಯಾಗಿ ನಕ್ಕೆ.

ಕೊನೆಯ ಪುಟದ ಕೆಳಗಿನ ಖಾಲಿ ಜಾಗಕ್ಕೆ ಬಂದಾಗ ನಗು ನಿಂತಿತು. ‘ನಿಮಗೆ ಪ್ರಿಯವಾದ ಪುಸ್ತಕವೆಂದು ಶ್ರದ್ಧೆಯಿಂದ ಓದಿದೆ. ನನಗೆ ಇಷ್ಟವಾಗಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಬಹುದೋ ಬಾರದೋ ತಿಳಿಯದೆ ಇಲ್ಲಿ ಬರೆದಿದ್ದೇನೆ. ಮುಂದಿನ ಸಲ ಓದುವಾಗ ನೋಡಿ, ಉತ್ತರ ಹೇಳಿ.’

ಗಿರಿಜೆ ಚೀಲ ಹಿಡಿದು ಒಳಗೆ ಬಂದಳು. ನನ್ನ ತೊಡೆಯ ಮೇಲಿನ ಪುಸ್ತಕವನ್ನೂ ಮುಖವನ್ನೂ ನೋಡಿ, ಚೀಲ ಕೆಳಗಿಟ್ಟು ಎದುರಿಗೆ ಕುಳಿತಳು.

“ಅಂತೂ ಸಿಕ್ತಾ?” ಎಂದಳು.

“ನಾನು ಇದನ್ನ ಮತ್ತೆ ಓದೇ ಇರ್ಲಿಲ್ಲ ಕಣೇ.”

“ಗೊತ್ತು ಬಿಡಿ. ಮೊದಲು ಗೊತ್ತಿರ್ಲಿಲ್ಲ. ಓದಿ ಕೋಪ ಮಾಡ್ಕೊಂಡು ಸುಮ್ಮನಿದೀರಿ ಅಂದ್ಕೊಂಡಿದ್ದೆ. ಅದಕ್ಕೇ ನಿಮ್ಮ ಹತ್ರ ಪುಸ್ತಕದ ಮಾತು ಎತ್ತೋದೇ ಬಿಟ್ಟೆ.”

“ಮತ್ತೆ ಯಾವಾಗ ಗೊತ್ತಾಯ್ತು?”

“ಹತ್ತು ವರ್ಷ ಆದ್ಮೇಲೆ. ನಮ್ಮ ಅಣ್ಣಂಗೆ ಕಥೆ ಹೇಳ್ತಾ ಅಂಚೆಯಣ್ಣ ಭೂಮಿಗೆ ವಾಪಸ್ ಬಂದ ಅಂದ್ರಿ. ಅವನೆಲ್ಲಿ ಬರ್ತಾನೆ? ಅಲ್ಲೇ ಉಳ್ಕೋತಾನೆ.”

“ಆಗ್ಲೇ ಹೇಳ್ಬಾರ್ದಿತ್ತಾ?”

“ನಿಮ್ಮ ಕೊನೆ ಚೆನ್ನಾಗಿತ್ತು” ಎಂದು ಹೇಳಿ ಅವಳು ಬೀನ್ಸು ಬಿಡಿಸತೊಡಗಿದಳು.

ಅವಳಿಗೆ ಅದು ಮುಗಿದ ಮಾತಾಗಿತ್ತು. ನನಗೆ ಆಗಷ್ಟೇ ಶುರುವಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಸದಾ ಒಂದು ಲೈಬ್ರರಿ ಪುಸ್ತಕ ಮಗುಚಿ ಬಿದ್ದಿರುತ್ತಿತ್ತು. ಕಾಫಿಲೋಟ ಇಡಲು ನಾನು ಅದನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಏನೆಂದು ಒಮ್ಮೆಯಾದರೂ ತಿರುಗಿಸಿ ನೋಡಿದವನಲ್ಲ. ಲೋಕದ ಓದುಗರ ಮುಂದೆಲ್ಲ ಹಾರಾಡಿದ ನಾನು ಮನೆಯೊಳಗಿನ ಒಬ್ಬ ಓದುಗಾರ್ತಿಯನ್ನು ಮೂವತ್ತೈದು ವರ್ಷ ಮೌನವಾಗಿರಿಸಿದ್ದೆ, ಅದೂ ಒಂದು ಸುಳ್ಳಿನ ಸೌಕರ್ಯಕ್ಕಾಗಿ. ಭಾನುವಾರ ನನ್ನ ಜೊತೆ ಬಾ ಎಂದು ಅವಳನ್ನು ಕೇಳಲು ಶನಿವಾರ ಸಂಜೆಯವರೆಗೂ ಧೈರ್ಯ ಬರಲಿಲ್ಲ. “ಬರ್ತೀನಿ. ನೀವು ಏನು ಹೇಳ್ತೀರಿ ನೋಡೋಣ” ಎಂದಳು.

ಭಾನುವಾರ ಕೂಟದಲ್ಲಿ ನಾನು ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಒಂದೇ ಸಲ ಓದಿದ್ದು, ಅದೂ ಮುಕ್ಕಾಲು, ಉಳಿದದ್ದು ಬಸ್ಸಿನ ಕಿಟಕಿಯ ಕೃಪೆ. ಕೆಲವರು ಚಾವಣಿಯ ಫ್ಯಾನನ್ನು ವಿಶೇಷ ಆಸಕ್ತಿಯಿಂದ ನೋಡತೊಡಗಿದರು. ತಮ್ಮ ತಮ್ಮ ಬೀರುಗಳು ಅವರ ಕಣ್ಣ ಮುಂದೆ ಬಂದಿರಬೇಕು. ನಂಜುಂಡಯ್ಯನವರು ಮಾತ್ರ ಚಪ್ಪಾಳೆ ತಟ್ಟಿ, “ಎಂಥಾ ವಿನಯ ನೋಡಿ! ಇಷ್ಟು ಸಲ ಓದಿಯೂ ಓದಿಲ್ಲ ಅಂತಾರೆ” ಎಂದರು. ಸತ್ಯ ನುಡಿದರೂ ಪ್ರತಿಷ್ಠೆ ಕಡಿಮೆಯಾಗದ ಊರು ಇದು. ನಾನು ಹಟ ಹಿಡಿದು ಅಂಚಿನ ಟಿಪ್ಪಣಿಗಳನ್ನು ಓದಿದೆ. ಏಳನೆಯ ಲೋಟಕ್ಕೆ ಹೆಂಗಸರ ಸಾಲಿನಿಂದ ದೊಡ್ಡ ನಗೆ ಎದ್ದಿತು. ಬರೆದವರು ಯಾರು ಎಂದು ಕೇಳಿದರು. ನಾನು ಕೈ ತೋರಿಸಿದೆ; ಎಲ್ಲರೂ ಗಿರಿಜೆಯ ಕಡೆ ತಿರುಗಿದರು. ಕೊನೆಯ ಪುಟವನ್ನು ನಾನು ಓದಲಿಲ್ಲ. ಅದು ನನಗೊಬ್ಬನಿಗೆ ಬರೆದದ್ದು.

“ಹಾಗಾದ್ರೆ ಮತ್ತೆ ಮತ್ತೆ ಓದುವಂಥದ್ದು ಯಾವುದು, ನೀವೇ ಹೇಳಿ ಅಮ್ಮ” ಎಂದರು ನಂಜುಂಡಯ್ಯ.

ಗಿರಿಜೆ ಕುಳಿತಲ್ಲಿಂದಲೇ, ಗಾಳಿಯಿಲ್ಲದ ಗ್ರಹವೊಂದರ ಬೀಜದ ಉಗ್ರಾಣದಲ್ಲಿ ಒಂದು ಬೀಜ ಮೊಳೆಯುವುದನ್ನು ಕಾಯುತ್ತ ಕುಳಿತ ಹೆಂಗಸಿನ ಕಾದಂಬರಿಯೊಂದರ ಬಗ್ಗೆ ಹೇಳಿದಳು. ನಾಲ್ಕು ಸಲ ಓದಿದ್ದಾಳಂತೆ. ಅಂಥದ್ದೊಂದು ನಮ್ಮ ಮನೆಯಲ್ಲಿದೆ ಎಂಬುದೇ ನನಗೆ ಹೊಸ ಸುದ್ದಿ.

“ಅದರಲ್ಲಿ ಬರೆದಿದ್ರಲ್ಲಿ ಯಾವ್ದು ಯಾವ್ದು ನಿಜ ಆಗಿದೆ?” ಎಂದು ನಂಜುಂಡಯ್ಯ ಪೆನ್ನು ತೆಗೆದರು.

“ಯಾವ್ದೂ ಆಗಿಲ್ಲ. ಅದಕ್ಕೇ ಮತ್ತೆ ಓದ್ತೀನಿ” ಎಂದಳು ಗಿರಿಜೆ. ಪೆನ್ನು ಜೇಬಿಗೆ ವಾಪಸ್ಸಾಯಿತು.

ಮನೆಗೆ ನಡೆದೇ ಹೊರಟೆವು. ದಾರಿಯುದ್ದಕ್ಕೂ ಅವಳು ಆ ಹೆಂಗಸಿನ ಬಗ್ಗೆ ಹೇಳುತ್ತಲೇ ಇದ್ದಳು, ಎಷ್ಟೋ ವರ್ಷದಿಂದ ತಡೆಹಿಡಿದಿದ್ದ ಮಾತಿನಂತೆ. ಕೊನೆಗೆ ಬೀಜ ಮೊಳೆಯುತ್ತದೆಯೇ ಎಂದು ಕೇಳಿದೆ. “ಅದನ್ನ ನಾನು ಹೇಳಲ್ಲ. ಓದಿ” ಎಂದಳು.

ಸೋಮವಾರದಿಂದ ಓದುತ್ತಿದ್ದೇನೆ, ಮೊದಲ ಸಲ. ನಿಧಾನದ ಕಥೆ; ಬೀಜ ಅಷ್ಟು ಸುಲಭಕ್ಕೆ ಜಗ್ಗುವಂಥದ್ದಲ್ಲ. ಇಂದು ಬೆಳಿಗ್ಗೆ ಗಿರಿಜೆ ಬಟ್ಟೆ ಒಣಗಿಸುತ್ತ ಕೇಳಿದಳು: “ಎಷ್ಟನೇ ಪುಟ?”

ನಾಲಿಗೆಯ ತುದಿಗೆ ನೂರು ಎಂಬ ಸಂಖ್ಯೆ ತಾನಾಗಿಯೇ ಬಂದಿತ್ತು. ನುಂಗಿಕೊಂಡೆ.

“ಅರವತ್ತೆರಡು. ಮಧ್ಯೆ ನಾಲ್ಕು ಪುಟ ಹಾರಿಸ್ದೆ. ಬರೀ ಮಣ್ಣಿನ ವರ್ಣನೆ.”

“ಇರೋದೇ ಆ ನಾಲ್ಕರಲ್ಲಿ. ಹಿಂದಕ್ಕೆ ಹೋಗಿ.”

ಹಿಂದಕ್ಕೆ ಹೋದೆ.