ಆರತಿ ತಟ್ಟೆಗೆ ಬಿದ್ದ ಗಾಡಿ

ನನ್ನ ಹೆಂಡತಿಯ ಅಣ್ಣನ ಪ್ರಕಾರ ವಸ್ತುಗಳನ್ನು ಬಳಸುವುದೆಂದರೆ ಅವುಗಳಿಗೆ ಅವಮಾನ ಮಾಡಿದಂತೆ. ಅವನ ಮನೆಯ ಸೋಫಾದ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿದುಹೋಯಿತೇ ಹೊರತು ಕೆಳಗಿನ ಬಟ್ಟೆಯ ಬಣ್ಣ ಯಾವುದೆಂದು ಯಾರೂ ನೋಡಲಿಲ್ಲ. ಟಿವಿ ರಿಮೋಟಿಗೊಂದು ಕವರು, ಆ ಕವರಿಗೊಂದು ರಬ್ಬರ್ ಬ್ಯಾಂಡು. ಧಾರವಾಡದಿಂದ ಬಂದು ಪುಣೆಯಲ್ಲಿ ಕಚೇರಿಯ ಕುರ್ಚಿ ಹಿಡಿದವನು, ಆ ಕುರ್ಚಿಗೂ ಟವೆಲು ಹೊದಿಸಿದ್ದ.

ಅವನ ಶೋಕೇಸಿನಲ್ಲಿ ಒಂದು ರಿಮೋಟ್ ಬಗ್ಗಿ ಇತ್ತು. ಮಕ್ಕಳ ಆಟಿಕೆಯಲ್ಲ, ಮಣ್ಣು, ಕಲ್ಲು, ತಗ್ಗುದಿಣ್ಣೆಯ ಮೇಲೆ ಓಡಲೆಂದೇ ಮಾಡಿದ ಮೊಳದುದ್ದದ ಗಾಡಿ. ಮುಳ್ಳುಮುಳ್ಳಾದ ಟೈರು, ಎಣ್ಣೆ ತುಂಬಿದ ಪುಟ್ಟ ಶಾಕ್ ಅಬ್ಸಾರ್ಬರು, ದೂರ ನಿಂತು ನಡೆಸಲು ಎರಡು ಕಡ್ಡಿಗಳ ರೇಡಿಯೋ ಪೆಟ್ಟಿಗೆ. ಎಂಬತ್ತರ ದಶಕದಲ್ಲಿ ಯಾರೋ ಪರದೇಶದಿಂದ ತಂದುಕೊಟ್ಟಿದ್ದಂತೆ. ನಮ್ಮ ಮದುವೆಯಾದ ಹೊಸತರಲ್ಲಿ ನಾನೊಮ್ಮೆ ಆ ಗಾಜಿನ ಬಾಗಿಲು ಸರಿಸಿದ್ದೆ.

"ಮಿಸ್ತ್ರಿ ಸಾಹೇಬ್ರ, ಕೈ ತೊಳಕೊಂಡೀರೇನು?" ಅಂದ.

ತೊಳೆದಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನ ಉಗುರಿನ ಕಪ್ಪು ಸಾಬೂನಿಗೆ ಹೋಗುವುದಿಲ್ಲ. ಹೋಗಲಿ ಎಂಬ ಆಸೆ ನನಗೂ ಇಲ್ಲ. ಬಾಗಿಲು ಮುಚ್ಚಿ, ಚಹಾ ಕುಡಿದು ಎದ್ದು ಬಂದೆ.

ಅವನು ಅದನ್ನು ಒಂದು ದಿನವೂ ನೆಲಕ್ಕೆ ಇಳಿಸಲಿಲ್ಲ. ಒಳಗೇ ಬಿಟ್ಟ ಬ್ಯಾಟರಿ ಸೋರಿ ತಂತಿಗಳನ್ನು ತಿಂದಿತು. ಕಿಟಕಿಯ ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳವಾಯಿತು, ಟೈರು ಸೀಳಿತು. ಎಲ್ಲ ಗಾಡಿಗಳೂ ಓಡಿ ಸಾಯುತ್ತವೆ. ಇದು ಕೂತು ಸತ್ತಿತು. ಮುಂದೆ ಅವನು ವಿಮಾನ ನಗರದಲ್ಲಿ ಫ್ಲ್ಯಾಟು ತೆಗೆದುಕೊಂಡ. ಅಲ್ಲಿನ ಹೊಸ ಶೋಕೇಸಿಗೆ ಹೆಣ ಹೊಂದಲಿಲ್ಲ.

ಆ ವರ್ಷದ ದೀಪಾವಳಿ ಮುಗಿದು ಭಾವುಬೀಜ ಬಂತು. ಅಂದು ಅಣ್ಣ ತಂಗಿಯ ಮನೆಗೆ ಬರಬೇಕು, ತಂಗಿ ಆರತಿ ಎತ್ತಬೇಕು, ಅಣ್ಣ ತಟ್ಟೆಯಲ್ಲಿ ಕೈಲಾದದ್ದು ಹಾಕಬೇಕು. ಈತ ಒಂದು ರಟ್ಟಿನ ಡಬ್ಬಿಯನ್ನು ತಟ್ಟೆಗೆ ತಾಗಿಸಿ ನನ್ನ ಹೆಂಡತಿಯ ಕೈಗಿಟ್ಟ.

"ಇಂಥಾದ್ದು ಈಗ ಎಲ್ಲೂ ಸಿಗಂಗಿಲ್ಲ ನೋಡು. ನಿನ್ನ ಗಂಡಗೂ ಟೈಮ್‌ಪಾಸ್ ಆಗ್ತದ."

ಅವಳು ಡಬ್ಬಿ ತೆರೆದು ಒಳಗಿನ ಸತ್ತ ಬಗ್ಗಿಯನ್ನು ನೋಡಿದಳು, ಮುಚ್ಚಿದಳು, ಅವನ ಮನೆಗೆ ಚಕ್ಕುಲಿ ಕಟ್ಟಿಕೊಟ್ಟಳು. ಕಸ ದಾಟಿಸುವ ಜನರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ದೀಪದ ಮುಂದೆ ನಿಂತು, ಹಣೆಗೆ ಕುಂಕುಮ ಹಚ್ಚಿಸಿಕೊಂಡು ದಾಟಿಸಿದವನು ಅವನೊಬ್ಬನೇ.

ಚಾಕಣದ ಕಾರ್ಖಾನೆಯಲ್ಲಿ ವಾರವಿಡೀ ಕಾರಿನ ಭಾಗಗಳನ್ನು ಕಡೆದು, ರವಿವಾರ ನಾನು ಜುನಾ ಬಜಾರಿಗೆ ಹೋಗತೊಡಗಿದೆ. ಗೋಣಿ ಹಾಸಿ ಲೋಕದ ಹಳೆಯದನ್ನೆಲ್ಲ ರಾಶಿ ಹಾಕಿಕೊಂಡು ಕೂರುವ ಆ ಸಂತೆಯಲ್ಲಿ ಇದೇ ಜಾತಿಯ ಇನ್ನೊಂದು ಬಗ್ಗಿಯ ಅರ್ಧ ದೇಹ ಸಿಕ್ಕಿತು. ಅದರ ಗಿಯರು, ಹಿಂದಿನ ಚಕ್ರ ನಮ್ಮದಕ್ಕೆ ಬಂದವು. ರೇಡಿಯೋ ಪೆಟ್ಟಿಗೆ ಯಾರೋ ಕೈಬಿಟ್ಟ ಆಟದ ದೋಣಿಯದು. ಮುಂದಿನ ಚಕ್ರವನ್ನು ಹಿಡಿಯುವ ತೋಳು ಮಾತ್ರ ಎಲ್ಲೂ ಸಿಗದೆ ತಿಂಗಳುಗಟ್ಟಲೆ ಸತಾಯಿಸಿತು. ಕೊನೆಗೆ ಪುಣೆಯ ಕ್ಯಾಂಪ್ ಪೇಟೆಯ ಒಬ್ಬ ಮುದುಕ ಅಂಗಡಿಕಾರ ತನ್ನ ಡ್ರಾವರು ತಡಕಿ ಒಂದನ್ನು ಹೊರಗೆಳೆದ. ಮೂಲದ್ದೆಂದು ಉಳಿದದ್ದು ನಡುವಿನ ಲೋಹದ ಚೌಕಟ್ಟು ಒಂದೇ. ಬ್ಯಾಟರಿ ಸೋರಿ ಅದಕ್ಕೆ ಹಿಡಿದ ಕಿಲುಬನ್ನು ನಿಂಬೆರಸ ಹಾಕಿ ತಿಕ್ಕಿ ತೆಗೆದೆ.

ನಮ್ಮ ಚಾಳಿನ ಸಾಲುಮನೆಗಳ ಹಿಂದಿನ ಮೈದಾನದಲ್ಲಿ ಅದು ಮೊದಲ ಸಲ ಧೂಳೆಬ್ಬಿಸಿ ತಿರುಗಿದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಪ್ರತಿ ರವಿವಾರ ನಾನು ಓಡಿಸುವುದು, ಅವಳು ನೋಡುವುದು.

ಮುಂದಿನ ಭಾವುಬೀಜಕ್ಕೆ ಅಣ್ಣ ಮತ್ತೆ ಬಂದ. ತಟ್ಟೆಗೆ ಹಾಕಿದ್ದು ಒಂದು ಸ್ಟೀಲ್ ಡಬ್ಬಿ. ಕಣ್ಣು ಕಪಾಟಿನ ಕೆಳಗಿದ್ದ ಬಗ್ಗಿಯ ಮೇಲೆ.

"ನಮ್ಮ ಆಫೀಸಿನ ಸಾಹೇಬ್ರಿಗೆ ಹಳೇ ಗಾಡಿ ಅಂದ್ರ ಭಾಳ ಶೋಕಿ. ನನ್ನ ಹತ್ರ ಒಂದ್ ಅದ ಅಂತ ಹೇಳೀನ್ರಿ. ರವಿವಾರ ನೋಡಾಕ ಬರ್ತಾರ. ಒಯ್ತೀನಿ."

"ಒಂದ್ ದಿನಕ್ಕೇನ್ರಿ?" ಅಂದೆ.

"ಒಂದ್ ದಿನಕ್ಕ್ಯಾಕ? ಶೋಕೇಸ್‌ನಾಗ ಜಾಗಾ ಮಾಡೀನಿ. ಮೂಲ ನಂದ ಅಲ್ಲೇನ್ರಿ ಅದು?"

ನಾನು ಜಗಳ ಆಡಲಿಲ್ಲ. ಜಗಳಕ್ಕೂ ಎದುರಿಗೊಬ್ಬ ಮನುಷ್ಯ ಬೇಕು. ಮಂಚದ ಕೆಳಗಿನಿಂದ ಅವನದೇ ರಟ್ಟಿನ ಡಬ್ಬಿ ಎಳೆದೆ. ಬಿಚ್ಚಿದ ಒಡಕು ಭಾಗಗಳೆಲ್ಲ ಅದರಲ್ಲಿದ್ದವು. "ನಿಮ್ಮದು ಇದು. ತಗೋರಿ" ಅಂದೆ. ಆಮೇಲೆ ಚೌಕಟ್ಟು ನೆನಪಾಯಿತು. ಅದೂ ಅವನದೇ. ಬಗ್ಗಿಯನ್ನು ಅಂಗಾತ ಮಾಡಿ ಸ್ಕ್ರೂ ಡ್ರೈವರ್ ಹಚ್ಚಿದೆ. ಚೌಕಟ್ಟು ಹೋದರೆ ಉಳಿದದ್ದು ಬರೀ ರಾಶಿ, ಒಂದು ವರ್ಷದ ರವಿವಾರಗಳೆಲ್ಲ ಮತ್ತೆ ಗೋಣಿಯ ಮೇಲಿನ ಸಾಮಾನು. ಗೊತ್ತಿತ್ತು. ಆದರೂ ಅವನ ಒಂದು ತುಣುಕೂ ನನ್ನ ಮನೆಯಲ್ಲಿರುವುದು ಬೇಡವಾಗಿತ್ತು.

"ಏ, ಬಿಚ್ಚಬ್ಯಾಡ್ರಿ ಮಾರಾಯ್ರ, ಹಂಗ ಕೊಡ್ರಿ!" ಎಂದು ಅವನು ಅರ್ಧ ಎದ್ದ.

"ಆ ಸ್ಕ್ರೂ ಡ್ರೈವರ್ ಕೆಳಗ ಇಡ್ರಿ" ಅಂದಳು ಹೆಂಡತಿ. ನನಗೆ ಅಂದದ್ದು. ಆಮೇಲೆ ಅವನತ್ತ ತಿರುಗಿದಳು. "ಅಣ್ಣಾ, ಹೋದ ವರ್ಷ ತಾಟಿಗೆ ಹಾಕಿದ್ದು ಯಾರಿಗೆ?"

"ನಿನಗ... ಆದ್ರ—"

"ನನಗ. ಇವರಿಗೂ ಅಲ್ಲ. ಆರತಿ ತಾಟಿಗೆ ಹಾಕಿದ್ದನ್ನ ಯಾರರ ಹೊಳ್ಳಿ ಇಸ್ಕೋತಾರೇನು? ತಡಿ, ಅವ್ವಗ ಫೋನ್ ಹಚ್ಚಿ ಕೇಳ್ತೀನಿ."

"ಅವ್ವಗ ಯಾಕ್ ನಡಕ ತರ್ತಿ?" ಎಂದು ಅವನು ಕೂತುಬಿಟ್ಟ. ನಲವತ್ತು ದಾಟಿದ ಗಂಡಸು, ಫ್ಲ್ಯಾಟಿನ ಮಾಲಕ.

ಬಗ್ಗಿ ಅವಳದು ಎಂಬುದು ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸ್ಕ್ರೂಗಳನ್ನು ಮತ್ತೆ ಬಿಗಿದೆ. ಅವಳು ರೇಡಿಯೋ ಪೆಟ್ಟಿಗೆ ಎತ್ತಿಕೊಂಡಳು.

"ಹೆಂಗ ಓಡಸೂದು, ತೋರಸ್ರಿ."

ಮೈದಾನಕ್ಕೆ ಮೂವರೂ ಹೋದೆವು. ಅವನು ಪಾಲಿಶ್ ಮಾಡಿದ ಬೂಟಿಗೆ ಧೂಳು ತಾಗದಂತೆ ದೂರ ನಿಂತ. ಹಬ್ಬದ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಅವಳು ಕಡ್ಡಿಯನ್ನು ಒಮ್ಮೆಲೇ ಪೂರ್ತಿ ಒತ್ತಿದಳು. ಬಗ್ಗಿ ಹಾರಿತು, ದಿಣ್ಣೆ ದಾಟಿತು, ನೇರ ಹೋಗಿ ನಲ್ಲಿಯ ಕಟ್ಟೆಗೆ ಬಡಿಯಿತು. ಕ್ಯಾಂಪಿನ ಮುದುಕ ಕೊಟ್ಟ ತೋಳು ಎರಡು ತುಂಡು.

"ಅಯ್ಯೋ, ಹಾಳ್ ಮಾಡಿದೆಲ್ಲ! ಶೋಕೇಸ್‌ನಾಗ ಇದ್ರ ನೂರ್ ವರ್ಷ ಇರ್ತಿತ್ತು!" ಎಂದು ಅಣ್ಣ ನನ್ನ ಮುಖ ನೋಡಿದ. ನಾನು ಅವಳನ್ನು ಬೈಯುತ್ತೇನೆಂದು ಅವನ ಲೆಕ್ಕ.

"ಇರ್ತಿತ್ತ್ ಬಿಡ್ರಿ, ನಿಮ್ಮ ಸೋಫಾದಂಗ" ಅಂದೆ.

ಹೋಗುವಾಗ ಒಡಕು ಭಾಗಗಳ ಡಬ್ಬಿಯನ್ನು ಮಾತ್ರ ಮರೆಯದೆ ಬಗಲಲ್ಲಿಟ್ಟುಕೊಂಡು ಒಯ್ದ.

ಅವನ ಸಾಹೇಬರು ರವಿವಾರ ಬಂದರೋ, ಬಂದು ಏನು ನೋಡಿದರೋ, ನಾನು ಕೇಳಲಿಲ್ಲ. ಆ ರವಿವಾರ ನಾವಿಬ್ಬರೂ ಜುನಾ ಬಜಾರಿನಲ್ಲಿದ್ದೆವು. ಅವಳು ಬಳೆ ಮೇಲೇರಿಸಿ, ಮುರಿದ ತುಂಡನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗೋಣಿಯ ಮೇಲಿನ ರಾಶಿಯನ್ನು ಕೆದಕುತ್ತಿದ್ದಳು.