ಎರಡು ಸಲ ಜಗ್ಗಿದ ಟೇಪು

ದೆವ್ವ ಭೂತ ಎಂದವರನ್ನು ನಾನು ಗೇಲಿ ಮಾಡದೆ ಬಿಟ್ಟವನಲ್ಲ. ಸರ್ವೆ ಕೆಲಸದಲ್ಲಿ ಅಜ್ಜಂಪುರ, ಕಡೂರು ಕಡೆಯ ಸ್ಮಶಾನಗಳನ್ನೂ ಅಳೆದಿದ್ದೇನೆ, ಊಟದ ಡಬ್ಬಿಯನ್ನು ಅಲ್ಲೇ ಬಿಚ್ಚಿದ್ದೇನೆ. ಅಂಥವನೇ ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ.

ಕೆಲವು ವರ್ಷಗಳ ಹಿಂದೆ, ತರೀಕೆರೆ ಕಡೆ ಭದ್ರಾ ಹೊಳೆಯ ನಡುಗಡ್ಡೆಯೊಂದರಲ್ಲಿದ್ದ ಹಳೆಯ ಕೋಟೆಯ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಹೋಗಿದ್ದೆವು. ಗಡ್ಡೆಯ ಒಂದು ತುದಿ ಮೂಗಿನಂತೆ ನೀರಿಗೆ ಚಾಚಿಕೊಂಡಿದೆ, ಕೋಟೆ ಇರುವುದು ಅಲ್ಲೇ. ಮೂರು ಕಡೆ ಕಡಿದಾದ ದಂಡೆ. ನಾಲ್ಕನೆಯ ಕಡೆ ಅಡ್ಡಲಾಗಿ ಕುಸಿದ ಗೋಡೆ, ಕಂದಕ. ಎಲ್ಲೆಲ್ಲೂ ಆಳೆತ್ತರ ಪೊದೆ. ಜೊತೆಗೆ ಚೌಳಹಿರಿಯೂರಿನ ಬಸಣ್ಣನಿದ್ದ. ಇಪ್ಪತ್ತು ವರ್ಷ ನನ್ನ ಟೇಪಿನ ಇನ್ನೊಂದು ತುದಿ ಹಿಡಿದವನು.

ಒಬ್ಬರಿಗೊಬ್ಬರು ಕಾಣದ ಕಡೆ ಅಳೆಯುವಾಗ ನಾವು ಕೂಗಾಡುವುದಿಲ್ಲ. ಅವನು ತುದಿಯನ್ನು ಜಾಗಕ್ಕಿಟ್ಟು ಎರಡು ಸಲ ಜಗ್ಗುತ್ತಾನೆ. ನಾನು ಅಳತೆ ಬರೆದು ಒಂದು ಸಲ ಜಗ್ಗಿದರೆ ಮುಂದಿನ ಜಾಗಕ್ಕೆ ಹೋಗುತ್ತಾನೆ. ಅವತ್ತು ಮಧ್ಯಾಹ್ನ ನಾನು ಕೋಟೆ ಬಾಗಿಲ ಕಲ್ಲಿನ ಮೇಲೆ ಕೂತೆ, ಅವನು ಪೊದೆಯೊಳಗೆ ಮರೆಯಾದ.

ಎರಡು ಜಗ್ಗು ಬಂತು, ಬರೆದೆ. ಮತ್ತೆ ಬಂತು, ಮತ್ತೆ ಬರೆದೆ. ಹೀಗೆ ಹನ್ನೊಂದು ಅಳತೆ. ಟೇಪು ಹೊಳೆಯ ತುದಿಯವರೆಗೂ ಬಿಚ್ಚಿಕೊಂಡಿತ್ತು. ಬಸಣ್ಣ ಇವತ್ತು ಬೀಡಿಗೂ ನಿಲ್ಲುತ್ತಿಲ್ಲವಲ್ಲ ಎಂದು ಖುಷಿಯಾಯಿತು.

ಆಗ ಪಕ್ಕದ ಕಂದಕದಿಂದ, ಮೊದಲ ಅಳತೆ ತೆಗೆದಿದ್ದ ಜಾಗದಿಂದಲೇ, ನರಳುವ ಸದ್ದು ಬಂತು. ಟೇಪು ಹಿಡಿದುಕೊಂಡೇ ಹೋಗಿ ಬಗ್ಗಿ ನೋಡಿದೆ. ಬಸಣ್ಣ ಬಿದ್ದಿದ್ದ. ತೊಡೆ ಸೀಳಿ ಪ್ಯಾಂಟೆಲ್ಲ ರಕ್ತವಾಗಿತ್ತು.

"ಮೊದ್ಲ್ನೇದು ಕೊಟ್ಟು ಏಳೋವಾಗ್ಲೇ ಜಾರ್ಬಿಟ್ಟೆ ಸಾರ್," ಎಂದ. "ಟೇಪು ಆಗ್ಲೇ ಕೈಬಿಟ್ಟೋಯ್ತು. ಆಮೇಲ್ ಎಚ್ರಾನೇ ಇರ್ಲಿಲ್ಲ."

ನನ್ನ ಕೈಯಲ್ಲಿದ್ದ ಟೇಪು ಎರಡು ಸಲ ಜಗ್ಗಿತು.

ಅಷ್ಟು ಹೆದರಿದ್ದು ನಾನು ಅದೇ ಮೊದಲು. ಟೇಪು ಎಸೆದು, ಟವೆಲಿನಿಂದ ಅವನ ತೊಡೆ ಬಿಗಿದು, ದಂಡೆಯಲ್ಲಿ ನಮಗಾಗಿ ಕಾಯುತ್ತಿದ್ದ ದೋಣಿಯವನನ್ನು ಕೂಗಿ ಕರೆದು ಇಬ್ಬರೂ ಹೊತ್ತು ತಂದೆವು. ಹಿಂದೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಇನ್ನರ್ಧ ಗಂಟೆ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಎರಡು ಜಗ್ಗು ಬರುತ್ತಿದೆ, ಅವನು ಚೆನ್ನಾಗಿದ್ದಾನೆ ಎಂದುಕೊಂಡು ನಾನು ಅರ್ಧ ಗಂಟೆ ಅಲ್ಲೇ ಕೂತಿದ್ದೆ.

ಬಸಣ್ಣ ಈಗ ಕುಂಟುತ್ತಾನೆ. ಆ ಕೆಲಸಕ್ಕೆ ಆಮೇಲೆ ಬೇರೆ ಸರ್ವೆಯರ್ ಹೋದ. ಅವನ ಅಳತೆಗಳನ್ನು ನನ್ನ ಪುಸ್ತಕದ ಜೊತೆ ಹೋಲಿಸಿ ನೋಡಿದೆ. ಹನ್ನೊಂದೂ ತಾಳೆಯಾದವು. ಬಸಣ್ಣ ಹಿಡಿದಿದ್ದು ಒಂದನ್ನು ಮಾತ್ರ.