ಖಂಡೇಪೂಜೆಗೆ ಇಟ್ಟ ಕೀಲಿ

ನಮ್ಮ ರಕ್ತದಾನಿಗಳ ಸಂಘದಲ್ಲಿ ಆ ವರ್ಷವೆಲ್ಲ ಒಂದೇ ಜಗಳ. ದಾನಿಗಳ ವಿವರ ಇಡುವ ಸಾಫ್ಟ್‌ವೇರನ್ನು ಹಿಂದೆ ಒಮ್ಮೆಗೇ ಕೊಂಡಿದ್ದೆವು. ಅದು ಹುಬ್ಬಳ್ಳಿ ಕಚೇರಿಯ ಒಂದೇ ಕಂಪ್ಯೂಟರಿನಲ್ಲಿತ್ತು. ಹೆಬ್ಬೆರಳಿನಷ್ಟುದ್ದದ, ಪೆನ್‌ಡ್ರೈವಿನಂಥ ಕೀಲಿ ಚುಚ್ಚಿದರೆ ಮಾತ್ರ ತೆರೆಯುತ್ತಿತ್ತು. ಅದನ್ನು ಬಿಟ್ಟು, ತಿಂಗಳ ಚಂದಾ ಕಟ್ಟಿ, ಇಂಟರ್‌ನೆಟ್ಟಿನಲ್ಲಿ ಯಾರ ಮೊಬೈಲಿನಿಂದಲೂ ನೋಡಬಹುದಾದದ್ದನ್ನು ತೆಗೆದುಕೊಳ್ಳೋಣ ಎಂದು ಕಾರ್ಯದರ್ಶಿಯಾದ ನಾನು ಸಭೆ ಸಭೆಯಲ್ಲೂ ಗಂಟಲು ಹರಿದುಕೊಂಡೆ. ಅಧ್ಯಕ್ಷರು ಹತ್ತಿ ವ್ಯಾಪಾರಿ, ಹಿರಿಯರು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಇನ್ನೊಬ್ಬರ ಅಪ್ಪಣೆ ಬೇಕು, ನಮ್ಮದು ನಮ್ಮ ಕೈಯಲ್ಲೇ ಇರಲಿ ಎನ್ನುತ್ತಿದ್ದರು. ಚಂದಾ ತಪ್ಪಿದ ದಿನ ಆ ಕಂಪನಿಯವರು ಬಾಗಿಲು ಹಾಕಿಕೊಂಡರೆ ಏನು ಮಾಡುತ್ತೀರಿ ಎಂದೂ ಕೇಳುತ್ತಿದ್ದರು. ಕೇಳುವುದು ಸರಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಮಧ್ಯಾಹ್ನ ಹುಬ್ಬಳ್ಳಿಯ ಆಸ್ಪತ್ರೆಯಿಂದ ಫೋನು ಬಂತು. ಹೆರಿಗೆಯಾದ ಹುಡುಗಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಆಸ್ಪತ್ರೆಯಲ್ಲಿದ್ದದ್ದು ಮುಗಿದಿದೆ. ಮಾತಾಡುತ್ತಿದ್ದವಳು ಆ ಹುಡುಗಿಯ ತಾಯಿ. "ಅಕ್ಕಾರ, ಯಾರರ ಸಿಗ್ತಾರೇನ್ರಿ?" ಎಂದಳು.

ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಬಂದದ್ದೆಲ್ಲ ಹಬ್ಬದ ಶುಭಾಶಯ. ಕೀಲಿಯನ್ನು ಅಧ್ಯಕ್ಷರು ಹಿಂದಿನ ದಿನವೇ ಪೂಜೆಗೆಂದು ಧಾರವಾಡದ ಕೆಲಗೇರಿಯ ತಮ್ಮ ಮನೆಗೆ ಒಯ್ದಿದ್ದರು. ನಾನೂ ಧಾರವಾಡದವಳೇ, ಸ್ಕೂಟರ್ ತೆಗೆದೆ.

ದೇವರ ಜಗಲಿಯ ಮುಂದೆ ತಕ್ಕಡಿ, ತೂಕದ ಕಲ್ಲು, ನಟ್ಟು ಬಿಚ್ಚುವ ಪಾನಾ. ಅವುಗಳ ನಡುವೆ ವಿಭೂತಿ ಹಚ್ಚಿಸಿಕೊಂಡು, ಚೆಂಡುಹೂ ಏರಿಸಿಕೊಂಡು ನಮ್ಮ ಕೀಲಿ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಎತ್ತುವಂತಿಲ್ಲ. ಆ ಮನೆತನದಲ್ಲಿ ಯಾರೂ ಎತ್ತಿದವರಲ್ಲ. ಅಧ್ಯಕ್ಷರಿಗೆ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. ನಾಳೆ ಮುಂಜಾನೆ ಬೇಗ ತೆಗೆದುಕೊಡುತ್ತೇನೆ ಎಂದರು.

"ಕಾಕಾರ, ನಾಳಿತನಕಾ ಆ ಹುಡುಗಿ ಉಳಿಯೂದಿಲ್ರಿ."

ಅವರು ಕೈ ಚಾಚಿದರು, ಹಿಂದೆಗೆದುಕೊಂಡರು. ನಾನೇ ಕಸಿದುಕೊಂಡು ಓಡಲೇ ಎನ್ನಿಸಿತು, ನಿಜ ಹೇಳುತ್ತೇನೆ. ಕೊನೆಗೆ ಅವರು ಕಣ್ಣು ಮುಚ್ಚಿ, ಹೂವಿನ ಸಮೇತ ಕೀಲಿಯನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಕಾರಿನತ್ತ ನಡೆದರು.

ಸ್ಕೂಟರನ್ನು ಅಲ್ಲೇ ಬಿಟ್ಟು ನಾನೂ ಕಾರು ಹತ್ತಿದೆ. ಕಚೇರಿಯಲ್ಲಿ ಕೀಲಿ ಚುಚ್ಚಿದರೆ ಪರದೆಯ ಮೇಲೆ ಏನೂ ಬರಲಿಲ್ಲ. ಒದ್ದೆ ವಿಭೂತಿ ಕೀಲಿಯ ಬಾಯಲ್ಲೇ ಒಣಗಿ ಕೂತಿತ್ತು. ಅವರು ಧೋತರದ ತುದಿಯಿಂದ ಒರೆಸಿದರು, ನಾನು ಸೇಫ್ಟಿ ಪಿನ್ನಿನಿಂದ ಕೆರೆದೆ, ಮತ್ತೆ ಚುಚ್ಚಿದೆ, ಮತ್ತೆ ಒರೆಸಿದೆವು. ಆಸ್ಪತ್ರೆಯಿಂದ ಮತ್ತೆ ಫೋನು ಬಂತು, ಎತ್ತುವ ಧೈರ್ಯವಾಗಲಿಲ್ಲ. ಅಂತೂ ತೆರೆಯಿತು. ಪಟ್ಟಿಯಲ್ಲಿ ಓ ನೆಗೆಟಿವ್ ದಾನಿ, ಗೋಕುಲ ರಸ್ತೆಯ ಗ್ಯಾರೇಜಿನವನೊಬ್ಬ ಸಿಕ್ಕ. ಕೈಯ ಗ್ರೀಸು ತೊಳೆದುಕೊಂಡು ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದವನು, ನಾವು ಆಸ್ಪತ್ರೆ ಮುಟ್ಟುವ ಮೊದಲೇ ಅಲ್ಲಿದ್ದ.

ಸಂಜೆ ಡಾಕ್ಟರು ಹೊರಗೆ ಬಂದು ರಕ್ತಸ್ರಾವ ನಿಂತಿದೆ ಎಂದರು. ಆ ತಾಯಿ ನೆಲದ ಮೇಲೆ ಕುಸಿದು ಅತ್ತಳು, ನನಗೂ ತಡೆಯಲಾಗಲಿಲ್ಲ. ಅಧ್ಯಕ್ಷರು ಬರಿಗಾಲಲ್ಲಿ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ಆ ತಿಂಗಳ ಚಂದಾದ ಸಾಫ್ಟ್‌ವೇರ್ ಈಗ ಇಲ್ಲೇ ತಗೊಂಡಬಿಡ್ರಿ. ಮನಿಗೆ ಹೋದ್ರ ನನ್ನ ಮನಸ್ಸು ತಿರಗತೈತಿ."